ಮಗುವಿನ ಕೈಗೆ ಒಲಿಯುವ ಆಟಿಕೆ: ವಿಕಲಚೇತನ ಮಕ್ಕಳ ಮನೆಯಾಟದ ಕುರಿತು

ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 1963ರಲ್ಲಿ ಕಾರಿನ್ ಸ್ಟೆನ್ಸ್‌ಲ್ಯಾಂಡ್ ಯುಂಕರ್ ಮತ್ತು ಎವಿ ಬ್ಲಿಡ್ ಎಂಬ ಇಬ್ಬರು ಮಹಿಳೆಯರು ವಿಕಲಚೇತನ ಮಕ್ಕಳಿಗೆ ಆಟಿಕೆ ಎರವಲು ಕೊಡುವ ‘ಲೆಕೊಟೆಕ್’ ಕೇಂದ್ರವನ್ನು ತೆರೆದರು. ಮಗು ಯಾವುದಕ್ಕೆ ಕೈಚಾಚುತ್ತದೆ, ಯಾವುದರಿಂದ ಮುಖ ತಿರುಗಿಸುತ್ತದೆ ಎಂದು ನೋಡಿಕೊಂಡೇ ಅಲ್ಲಿ ಆಟಿಕೆ ಆರಿಸುತ್ತಿದ್ದರು. 1967ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಜಿಲ್ ನಾರಿಸ್ ಇಂಥದೇ ಆಟಿಕೆ ಗ್ರಂಥಾಲಯ ಆರಂಭಿಸಿದರು. ಎರವಲಿನ ಲಾಭ ಸರಳವಾದದ್ದು: ಮಗುವಿಗೆ ಹಿಡಿಸದ ಆಟಿಕೆಯನ್ನು ಹಿಂದಿರುಗಿಸಬಹುದು. ದುಡ್ಡು ಕೊಟ್ಟು ತಂದದ್ದಾದರೆ ಬೀರುವಿನ ಮೇಲೆ ಧೂಳು ಹಿಡಿಯುತ್ತದೆ.

ಹಾಗಾದರೆ ಯಾವ ಆಟಿಕೆ ಹಿಡಿಸುತ್ತದೆ? ಬೆಲೆಗೂ ಬಣ್ಣಕ್ಕೂ ಇದರಲ್ಲಿ ಹೆಚ್ಚಿನ ಪಾತ್ರವಿಲ್ಲ. ತಾನು ಮಾಡಿದ್ದಕ್ಕೆ ಏನೋ ಆಯಿತು ಎಂಬ ಅನುಭವವನ್ನು ಅದು ಮಗುವಿಗೆ ಕೊಡಬೇಕು.

ಡೆನ್ಮಾರ್ಕಿನ ಲಿಲಿ ನೀಲ್ಸನ್ ಅಂಧ ಮತ್ತು ಬಹುವಿಕಲತೆಯ ಮಕ್ಕಳಿಗಾಗಿ ರೂಪಿಸಿದ ಎರಡು ಸಾಧನಗಳು ಈ ಮಾತಿಗೆ ಒಳ್ಳೆಯ ನಿದರ್ಶನ. ಒಂದು, ಅಂಚಿಗೆ ಮರದ ಪಟ್ಟಿ ಬಡಿದು ನೆಲದಿಂದ ತುಸು ಎತ್ತರಿಸಿದ ತೆಳು ಪ್ಲೈವುಡ್ ಹಲಗೆ. ಅದರ ಮೇಲೆ ಮಲಗಿದ ಮಗು ಹಿಮ್ಮಡಿ ಬಡಿದರೆ ಸದ್ದೂ ಕಂಪನವೂ ಮೈಗೇ ಮರಳುತ್ತವೆ. ಇನ್ನೊಂದು, ಮಗುವಿನ ಸುತ್ತ ನಿಲ್ಲಿಸುವ ಪುಟ್ಟ ‘ಕೋಣೆ’. ಅದರ ಛಾವಣಿಯಿಂದ ಚಮಚ, ಮಣಿಸರ, ಬ್ರಷ್‌ಗಳು ಇಳಿಬಿದ್ದಿರುತ್ತವೆ. ಮುಖ್ಯವಾದದ್ದೆಂದರೆ ಅವು ಜಾಗ ಬದಲಿಸುವುದಿಲ್ಲ. ನೆಲಕ್ಕೆ ಬಿದ್ದ ಗಿಲಕಿ ಕಣ್ಣು ಕಾಣದ ಮಗುವಿನ ಪಾಲಿಗೆ ಇಲ್ಲವಾದಂತೆಯೇ. ತೂಗುಬಿಟ್ಟ ಚಮಚ ಮತ್ತೆ ಅಲ್ಲೇ ಸಿಗುತ್ತದೆ.

ಸೆರೆಬ್ರಲ್ ಪಾಲ್ಸಿಯಿಂದ ಮುಷ್ಟಿ ಬಿಗಿದ ಮಕ್ಕಳ ತೊಡಕು ಬೇರೆ. ಬ್ಯಾಟರಿ ಆಟಿಕೆಯ ಚಿಕ್ಕ ಗುಂಡಿ ಅವರಿಗೆ ಒತ್ತಲಾಗದು. ಅದಕ್ಕೊಂದು ಅಗ್ಗದ ಉಪಾಯವಿದೆ. ತೆಳು ಪ್ಲಾಸ್ಟಿಕ್ ಚೂರಿನ ಎರಡೂ ಬದಿಗೆ ತಾಮ್ರದ ತಗಡು ಅಂಟಿಸಿ, ಒಂದೊಂದಕ್ಕೂ ಒಂದು ವೈರು ಬೆಸೆದು, ಬ್ಯಾಟರಿಗೂ ಅದು ತಾಗುವ ಲೋಹದ ಪಟ್ಟಿಗೂ ನಡುವೆ ತೂರಿಸಬೇಕು. ವೈರುಗಳ ತುದಿಗೆ ಅಂಗೈಯಗಲದ ಒತ್ತುಗುಂಡಿ ಜೋಡಿಸಿ, ಆಟಿಕೆಯ ಸ್ವಿಚ್ಚನ್ನು ಆನ್ ಮಾಡಿಯೇ ಇಟ್ಟರಾಯಿತು. ಮೊಣಕೈಯಿಂದಲೋ ಕೆನ್ನೆಯಿಂದಲೋ ಗುಂಡಿ ಒತ್ತಿದಷ್ಟು ಹೊತ್ತು ಕೋತಿ ತಾಳ ಬಡಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ರೇಡಿಯೊ ರಿಪೇರಿಯವರೂ ಇದನ್ನು ಮಾಡಿಕೊಡಬಲ್ಲರು.

ಕರ್ನಾಟಕದ ಮನೆಗಳಲ್ಲಿ ಇಂಥ ಸಾಮಗ್ರಿಗೆ ಬರವಿಲ್ಲ. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳ ಅಳಗುಳಿಮಣೆಯನ್ನು ಕಣ್ಣು ಮುಚ್ಚಿಯೂ ಆಡಬಹುದು. ಗುಳಿ, ಬೀಜ ಎರಡೂ ಬೆರಳಿಗೇ ತಿಳಿಯುತ್ತವೆ. ದೃಷ್ಟಿ ಮಂದವಿರುವವರಿಗೆ ಕಪ್ಪು ಮಣೆಯ ಮೇಲೆ ಬಿಳಿ ಕವಡೆ ಅನುಕೂಲ. ಬೆರಳು ಕೂಡದವರಿಗೆ ಇಡ್ಲಿ ತಟ್ಟೆಗಳನ್ನು ಒದ್ದೆ ಬಟ್ಟೆಯ ಮೇಲೆ ಜಾರದಂತೆ ಇಟ್ಟು, ನಿಂಬೆಗಾತ್ರದ ಬಟ್ಟೆಯುಂಡೆ ಕೊಡಬಹುದು. ಆದರೆ ಹಳೆಯ ಮಣೆಗಳ ಜೊತೆ ಬರುವ ಗುಲಗಂಜಿ ಮಾತ್ರ ಖಂಡಿತ ಬೇಡ. ಅದರ ಬೀಜ ವಿಷ, ಜಗಿದು ನುಂಗಿದರೆ ಪ್ರಾಣಕ್ಕೇ ಕುತ್ತು. ಎಲ್ಲವನ್ನೂ ಬಾಯಿಗಿಡುವ ಮಗುವಿಗೆ ಹುಣಸೆಬೀಜವೂ ಗಂಟಲಲ್ಲಿ ಸಿಕ್ಕೀತು. 2005ರ ಸುಮಾರಿಗೆ ಭೌಗೋಳಿಕ ಸೂಚ್ಯಂಕ ಪಡೆದ ಚನ್ನಪಟ್ಟಣದ ಗೊಂಬೆಗಳು ಇಲ್ಲಿ ನೆನಪಾಗುತ್ತವೆ. ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಈ ಆಟಿಕೆಗಳಲ್ಲಿ ಚೂಪು ಅಂಚಿಲ್ಲ, ಉರುಳಿಸಿದರೆ ಇಂಪಾದ ಸದ್ದು. ಹಿಡಿಕೆ ದಪ್ಪನೆಯದನ್ನೇ ಆರಿಸಬೇಕು.

ವಿಕಲಚೇತನ ಮಕ್ಕಳಿಗೂ ಇತರ ಮಕ್ಕಳಷ್ಟೇ ಆಟದ ಅವಕಾಶವಿರಬೇಕೆಂದು 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೇ ವಿಧಿ ಹೇಳುತ್ತದೆ; ಭಾರತ 2007ರಲ್ಲಿ ಅದನ್ನು ಅನುಮೋದಿಸಿತು. ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣಕ್ಕಾಗಿ ನಮ್ಮ ಸಂಪನ್ಮೂಲ ಶಿಕ್ಷಕರು ಮನೆಗಳಿಗೆ ಹೋಗುತ್ತಾರೆ. ಆ ಭೇಟಿಗಳಲ್ಲಿ ಅಭ್ಯಾಸದ ಹಾಳೆಯ ಜೊತೆ ಆಟಿಕೆಯೂ ಹೋಗಲಿ. ಪ್ರತಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಎರವಲು ಆಟಿಕೆಗಳ ಒಂದು ಕಪಾಟು, ಒಂದು ನೋಂದಣಿ ಪುಸ್ತಕ ಇಡಲು ಶಿಕ್ಷಣ ಇಲಾಖೆ ಮನಸ್ಸು ಮಾಡಬೇಕು.