ಬೀಡಿ ಬಿಟ್ಟರೆ ತೂಕ ಏರುತ್ತದೆಯೇ?

ಬೀಡಿ, ಸಿಗರೇಟು ಬಿಟ್ಟವರಲ್ಲಿ ಅನೇಕರು ಕೆಲವೇ ತಿಂಗಳಲ್ಲಿ ಮತ್ತೆ ಶುರು ಮಾಡುತ್ತಾರೆ. ಹೊಟ್ಟೆ ಬಂತು, ಮೈ ಭಾರವಾಯಿತು ಎಂಬ ಚಿಂತೆಯೂ ಅದಕ್ಕೊಂದು ಕಾರಣ. ಸೊಲ್ಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿಯ ಚಾದರ, ಟವೆಲ್ ಕಾರ್ಖಾನೆಗಳಿಗೆ ಬರುವವರಿಗೆ ಬೀಡಿ ದೂರದ ವಸ್ತುವಲ್ಲ. ಈ ಊರಿನ ಸಾವಿರಾರು ಮಹಿಳೆಯರ ಹೊಟ್ಟೆಪಾಡೇ ಬೀಡಿ ಕಟ್ಟುವುದು. ಇದೇ ರಸ್ತೆಯ ಕುಂಭಾರಿಯಲ್ಲಿ ಅವರಿಗಾಗಿ ದೊಡ್ಡ ವಸಾಹತು ಇದೆ. ಇಂಥ ಕಡೆ ಬೀಡಿ ಬಿಟ್ಟವರು ತೂಕದ ಲೆಕ್ಕವನ್ನು ಸರಿಯಾಗಿ ತಿಳಿದಿರಬೇಕು.

ಏಕೆ ಏರುತ್ತದೆ?

ತಂಬಾಕಿನ ನಿಕೋಟಿನ್ ಹಸಿವನ್ನು ಅಡಗಿಸುತ್ತದೆ. ದೇಹ ಸ್ವಲ್ಪ ಹೆಚ್ಚು ಶಕ್ತಿ ಖರ್ಚು ಮಾಡುವಂತೆಯೂ ಮಾಡುತ್ತದೆ. ಬಿಟ್ಟ ಮೇಲೆ ಇವೆರಡೂ ನಿಲ್ಲುತ್ತವೆ. ನಾಲಿಗೆಗೆ ರುಚಿ ಮರಳುತ್ತದೆ. ಬೀಡಿ ಹಿಡಿಯುತ್ತಿದ್ದ ಕೈ ಭಜಿ, ಚಹಾದ ಕಡೆ ಹೋಗುತ್ತದೆ.

ಎಷ್ಟು ಏರುತ್ತದೆ?

62 ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಔಷಧಿಯಿಲ್ಲದೆ ಬಿಟ್ಟವರ ತೂಕ ಮೂರು ತಿಂಗಳಲ್ಲಿ ಸರಾಸರಿ 2.9 ಕಿಲೋ, ಒಂದು ವರ್ಷದಲ್ಲಿ 4.7 ಕಿಲೋ ಏರಿತ್ತು. ಅಂದರೆ ಏರಿಕೆ ಮೊದಲ ತಿಂಗಳುಗಳಲ್ಲೇ ಜಾಸ್ತಿ, ನಂತರ ನಿಧಾನ. ಎಲ್ಲರಿಗೂ ಹೀಗೆಯೇ ಆಗುವುದಿಲ್ಲ. ಶೇ. 16ರಷ್ಟು ಜನರ ತೂಕ ಇಳಿದಿತ್ತು, ಶೇ. 13ರಷ್ಟು ಜನರದು 10 ಕಿಲೋಗೂ ಹೆಚ್ಚು ಏರಿತ್ತು.

ಹಾಗಾದರೆ ಬಿಟ್ಟು ಲಾಭವೇನು?

ಅಮೆರಿಕದ 2018ರ ಒಂದು ದೊಡ್ಡ ಅಧ್ಯಯನದಲ್ಲಿ, ಬಿಟ್ಟ ನಂತರ ತೂಕ ಏರಿದವರಿಗೆ ಕೆಲವು ವರ್ಷ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚಿತ್ತು. ಆದರೆ ತೂಕ ಏರಿದರೂ ಸಾವಿನ ಅಪಾಯ ಸೇದುತ್ತಲೇ ಇದ್ದವರಿಗಿಂತ ಕಡಿಮೆಯೇ ಇತ್ತು. ತೂಕಕ್ಕೆ ಹೆದರಿ ಮತ್ತೆ ಹಚ್ಚಿದರೆ ಈ ಲಾಭ ಕೈತಪ್ಪುತ್ತದೆ.

ಬೀಡಿಯ ಬದಲು ತಂಬಾಕು-ಸುಣ್ಣ ಬೇಡ

ನಮ್ಮ ಭಾಗದಲ್ಲಿ ಈ ಅಪಾಯ ದೊಡ್ಡದು. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮಹಾರಾಷ್ಟ್ರದ ವಯಸ್ಕರಲ್ಲಿ ಸೇದುವವರು ಶೇ. 3.8 ಇದ್ದರೆ, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ. 24.4 ಇದ್ದರು. ಅಗಿಯುವ ತಂಬಾಕಿನಲ್ಲೂ ನಿಕೋಟಿನ್ ಇರುವುದರಿಂದ ಚಟ ಉಳಿಯುತ್ತದೆ, ಬಾಯಿ ಕ್ಯಾನ್ಸರ್ ಅಪಾಯ ಸೇರುತ್ತದೆ.

ಏನು ಮಾಡಬೇಕು?

* ಮೊದಲ ವಾರಗಳಲ್ಲಿ ಉಪವಾಸ, ಕಟ್ಟುನಿಟ್ಟಿನ ಪಥ್ಯ ಬೇಡ. ಹಸಿದಾಗ ಸೇದುವ ಆಸೆ ಹೆಚ್ಚು.
* ಹೊತ್ತಿಗೆ ಸರಿಯಾಗಿ ಜೋಳದ ರೊಟ್ಟಿ, ಬೇಳೆ, ಕಾಯಿಪಲ್ಲೆ ತಿನ್ನಿ. ಸಿಹಿ ಚಹಾ, ವಡಾಪಾವ್, ಭಜಿ ಕಡಿಮೆ ಮಾಡಿ. ಶೇಂಗಾ ಚಟ್ನಿಯೂ ಮಿತವಾಗಿರಲಿ.
* ಆಸೆ ಬಂದಾಗ ಐದು ನಿಮಿಷ ತಡೆಯಿರಿ. ನೀರು ಕುಡಿಯಿರಿ, ನಾಲ್ಕು ಹೆಜ್ಜೆ ನಡೆಯಿರಿ.
* ನಿಕೋಟಿನ್ ಗಮ್ ಬಗ್ಗೆ ವೈದ್ಯರನ್ನು ಕೇಳಿ. ಅದನ್ನು ಬಳಸುವಾಗ ತೂಕ ನಿಧಾನವಾಗಿ ಏರುತ್ತದೆ.
* ಸಕ್ಕರೆ ಕಾಯಿಲೆ ಇದ್ದವರು ರಕ್ತ ಪರೀಕ್ಷೆ ತಪ್ಪಿಸಬಾರದು.
* ಒಂದು ಬೀಡಿ ಸೇದಿಬಿಟ್ಟರೆ ಎಲ್ಲ ಮುಗಿಯಿತೆಂದಲ್ಲ. ಅಂದೇ ಮತ್ತೆ ನಿಲ್ಲಿಸಿ.

ಬಿಡಲು ನೆರವು ಬೇಕಾದವರು ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಮಾತನಾಡಬಹುದು.