ಹಳೆಯ ಲಾರಿಯ ತಗಡು: ತುಕ್ಕಿನ ಹಿಂದಿನ ಕಥೆ

ಒಂದು ಕಾಲಕ್ಕೆ ಮನೆಯ ಮುಂದೆ ಎತ್ತಿನ ಗಾಡಿ ನಿಲ್ಲುತ್ತಿತ್ತು. ಈಗ ಹಲವರ ಮನೆಯ ಮುಂದೆ ಒಂದು ಸಣ್ಣ ಲಾರಿ ನಿಂತಿರುತ್ತದೆ. ಟೊಮೆಟೊ, ಕೋಸು ಪೇಟೆಗೆ ಹೋಗುವುದು ಅದರಲ್ಲೇ. ಗೊಬ್ಬರ, ಹಿಂಡಿ ಬರುವುದೂ ಅದರಲ್ಲೇ. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದೆ, ಹತ್ತು ಹದಿನೈದು ವರ್ಷ ಓಡಿದ ಬಂಡಿಯನ್ನು ಸಾಲ ಮಾಡಿ ತಂದವರೇ ಹೆಚ್ಚು. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲಿನ ಕೆಳಗೆ, ಮಡ್‌ಗಾರ್ಡಿನ ಅಂಚಿನಲ್ಲಿ ಬಣ್ಣ ಗುಳ್ಳೆ ಏಳುತ್ತದೆ. ಗುಳ್ಳೆಯನ್ನು ಉಗುರಿನಿಂದ ಕೆರೆದರೆ ಕೆಂಪು ಪುಡಿ ಉದುರುತ್ತದೆ. ಟಿಂಕರಿಂಗ್ ಶೆಡ್ಡಿಗೆ ಹೋದರೆ ಅಲ್ಲಿಯವರು ಕೇಳುವುದು ಒಂದೇ ಪ್ರಶ್ನೆ: "ಪುಟ್ಟಿ ಹಾಕಿ ಬಣ್ಣ ಹೊಡೆಯೋಣವೋ, ಕತ್ತರಿಸಿ ಹೊಸ ತಗಡು ಕೂರಿಸೋಣವೋ?"

ಪುಟ್ಟಿಗೆ ಖರ್ಚು ಕಡಿಮೆ. ಕತ್ತರಿಸುವುದಕ್ಕೆ ಖರ್ಚೂ ಹೆಚ್ಚು, ಬಂಡಿ ನಾಲ್ಕು ದಿನ ಶೆಡ್ಡಿನಲ್ಲೇ ನಿಲ್ಲಬೇಕು. ಯಾವುದು ಲಾಭ? ಇದಕ್ಕೆ ಉತ್ತರ ಬೇಕಾದರೆ ಕಬ್ಬಿಣದ ಕಥೆಯನ್ನು ಸ್ವಲ್ಪ ಹಿಂದಿನಿಂದ ತಿಳಿಯಬೇಕು. ಆ ಕಥೆಯಲ್ಲಿ ನಮ್ಮ ಹೊಲದ ಗೊಬ್ಬರಕ್ಕೂ ಒಂದು ಪಾಲಿದೆ.

ಮೊದಲು ತುಕ್ಕು ಎಂದರೇನು ನೋಡೋಣ. ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ, ಈ ಮೂರೂ ಒಂದೆಡೆ ಸೇರಿದರೆ ತುಕ್ಕು ಹುಟ್ಟುತ್ತದೆ. ಯಾವುದಾದರೂ ಒಂದನ್ನು ದೂರವಿಟ್ಟರೆ ಹುಟ್ಟದು. ಉಪ್ಪು ಸೇರಿದರೆ ಕೆಲಸ ಬೇಗ ಸಾಗುತ್ತದೆ. ತುಕ್ಕಾದ ಕಬ್ಬಿಣ ಉಬ್ಬಿ, ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಅದಕ್ಕೇ ಬಣ್ಣ ಗುಳ್ಳೆ ಏಳುವುದು. ಬಿರಿದ ಬಣ್ಣದ ಸಂದಿನಲ್ಲಿ ಮತ್ತೆ ನೀರು ಇಳಿಯುತ್ತದೆ. ಹೀಗೆ ಒಮ್ಮೆ ಹತ್ತಿದ್ದು ತಾನಾಗಿ ನಿಲ್ಲುವುದಿಲ್ಲ.

ಹಾಗಿದ್ದರೆ ದೆಹಲಿಯ ಕಬ್ಬಿಣದ ಕಂಬ ಹೇಗೆ ನಿಂತಿದೆ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಗುಪ್ತರ ಕಾಲದ ಆ ಕಂಬ ಸುಮಾರು 7 ಮೀಟರ್ ಎತ್ತರವಿದೆ, 6 ಟನ್ನಿಗೂ ಹೆಚ್ಚು ತೂಗುತ್ತದೆ. 1600 ವರ್ಷದಿಂದ ಬಿಸಿಲು ಮಳೆ ಕಂಡಿದೆ. ನಮ್ಮ ಶಿವಮೊಗ್ಗ ಜಿಲ್ಲೆಯ ಕೊಡಚಾದ್ರಿಯಲ್ಲಿ, ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರವೂ ಒಂದು ಕಬ್ಬಿಣದ ಕಂಬ ಮಲೆನಾಡಿನ ಮಳೆಯಲ್ಲೇ ನಿಂತಿದೆ. ಹಳೆಯ ಕಾಲದವರು ಇದ್ದಿಲು ಉರಿಸಿ ಅದಿರನ್ನು ಕರಗಿಸುತ್ತಿದ್ದರು, ಸುಣ್ಣಕಲ್ಲನ್ನು ಸೇರಿಸುತ್ತಿರಲಿಲ್ಲ. ಆದ್ದರಿಂದ ಅದಿರಿನಲ್ಲಿದ್ದ ರಂಜಕ ಕಬ್ಬಿಣದಲ್ಲೇ ಉಳಿಯುತ್ತಿತ್ತು. ದೆಹಲಿಯ ಕಂಬದಲ್ಲಿ ಅದು ಸುಮಾರು ಶೇಕಡಾ 0.25ರಷ್ಟಿದೆ. ಕಾನ್‌ಪುರದ ಐ.ಐ.ಟಿ.ಯ ಪ್ರೊಫೆಸರ್ ಆರ್. ಬಾಲಸುಬ್ರಮಣ್ಯಂ ಅವರು ಈ ಕಂಬವನ್ನು ಹಲವು ವರ್ಷ ಅಭ್ಯಾಸ ಮಾಡಿ ಕಾರಣವನ್ನು ವಿವರಿಸಿದರು. ಮೊದಲು ಕಟ್ಟಿದ ತೆಳು ತುಕ್ಕಿನೊಂದಿಗೆ ಈ ರಂಜಕ ಸೇರಿ ಒಂದು ಬಿಗಿಯಾದ ಪೊರೆ ಕಟ್ಟಿದೆ. ಆ ಪೊರೆಯೇ ಒಳಗಿನ ಕಬ್ಬಿಣವನ್ನು ಕಾಯುತ್ತಿದೆ. ದೆಹಲಿಯ ಒಣ ಹವೆಯೂ ಕೂಡಿ ಬಂದಿದೆಯೆನ್ನಿ.

ರಂಜಕ ಎಂದ ಕೂಡಲೇ ನಿಮಗೆ ಗೊಬ್ಬರದ ಚೀಲ ನೆನಪಾಗಿರಬೇಕು. ಸಾರಜನಕ, ರಂಜಕ, ಪೊಟ್ಯಾಷ್ ಎಂದು ನಾವು ದಿನವೂ ಹೇಳುವ ಅದೇ ರಂಜಕ. ಇಷ್ಟು ಒಳ್ಳೆಯ ಕಾವಲುಗಾರನನ್ನು ಇಂದಿನ ತಗಡಿನಿಂದ ಹೊರಗೆ ಹಾಕಿದವರು ಯಾರು? ಏಕೆ ಹಾಕಿದರು?

1856ರಲ್ಲಿ ಇಂಗ್ಲೆಂಡಿನ ಹೆನ್ರಿ ಬೆಸೆಮರ್ ಎಂಬವರು, ಕರಗಿದ ಕಬ್ಬಿಣದೊಳಕ್ಕೆ ಗಾಳಿ ಊದಿ ಅಗ್ಗವಾಗಿ ಉಕ್ಕು ಮಾಡುವ ಕ್ರಮವನ್ನು ಪ್ರಕಟಿಸಿದರು. ಅಲ್ಲಿಯತನಕ ಉಕ್ಕು ದುಬಾರಿ ವಸ್ತು. ಆದರೆ ಒಂದು ತೊಡಕು ಬಂತು. ರಂಜಕವಿದ್ದ ಅದಿರಿನಿಂದ ಮಾಡಿದ ಉಕ್ಕು ಚಳಿಗೆ ಪೆಟ್ಟು ಬಿದ್ದರೆ ಬಿರಿಯುತ್ತಿತ್ತು. ರೈಲು ಕಂಬಿಗೆ, ಸೇತುವೆಗೆ ಇಂಥ ಉಕ್ಕು ಆಗದು. ಈ ತೊಡಕನ್ನು ಬಿಡಿಸಿದವರು ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್. ಅವರು ಲಂಡನ್ನಿನ ಪೊಲೀಸ್ ಕೋರ್ಟಿನಲ್ಲಿ ಗುಮಾಸ್ತರು, ಸಂಜೆ ಪಾಠಗಳಿಂದ ರಸಾಯನಶಾಸ್ತ್ರ ಕಲಿತವರು. ಕುಲುಮೆಯ ಒಳಮೈಗೆ ಸುಣ್ಣದ ಜಾತಿಯ ಕಲ್ಲನ್ನು ಕಟ್ಟಿ, ಒಳಗೂ ಸುಣ್ಣ ಹಾಕಿದರೆ, ಅದು ರಂಜಕವನ್ನು ಹೀರಿಕೊಂಡು ಕಿಟ್ಟವಾಗಿ ಬೇರೆಯಾಗುತ್ತದೆ ಎಂದು ತಮ್ಮ ಸೋದರಸಂಬಂಧಿ ಪರ್ಸಿ ಗಿಲ್‌ಕ್ರಿಸ್ಟರ ನೆರವಿನಿಂದ 1878ರ ಹೊತ್ತಿಗೆ ತೋರಿಸಿಕೊಟ್ಟರು.

ಆ ಕಿಟ್ಟ ಏನಾಯಿತು ಗೊತ್ತೇ? ಅದನ್ನು ಅರೆದು ಪುಡಿ ಮಾಡಿ ಜರ್ಮನಿ, ಇಂಗ್ಲೆಂಡಿನ ರೈತರು ಹೊಲಕ್ಕೂ ಹುಲ್ಲುಗಾವಲಿಗೂ ಹಾಕಿದರು. ಅದೇ ಥಾಮಸ್ ಕಿಟ್ಟ ಎಂದು ಹೆಸರಾದ ರಂಜಕದ ಗೊಬ್ಬರ. ಕಬ್ಬಿಣದಿಂದ ಹೊರಬಿದ್ದದ್ದು ಪೈರಿಗೆ ಆಹಾರವಾಯಿತು. ಉಕ್ಕು ಮೃದುವಾಗಿ, ಬೇಕಾದ ಹಾಗೆ ಬಗ್ಗುವಂತಾಯಿತು. ಆದರೆ ಅದರ ಮೈಯೊಳಗಿದ್ದ ಕಾವಲು ಹೋಯಿತು. ಅಂದಿನಿಂದ ಉಕ್ಕಿನ ತಗಡಿಗೆ ಕಾವಲನ್ನು ಹೊರಗಿನಿಂದಲೇ ಕೊಡಬೇಕಾಗಿದೆ. ಈ ಮಾತನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಶೆಡ್ಡಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಇನ್ನು ಲಾರಿಯ ವಿಚಾರ. ಮೋಟಾರು ಬಂಡಿಯ ಮೈ ಮೊದಮೊದಲು ಮರದ್ದೇ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಡ್ವರ್ಡ್ ಬಡ್ ಎಂಬವರು ತಗಡನ್ನು ಅಚ್ಚಿನಲ್ಲಿ ಒತ್ತಿ, ತುಂಡುಗಳನ್ನು ಬೆಸೆದು ಪೂರಾ ಉಕ್ಕಿನ ಮೈ ಕಟ್ಟುವುದನ್ನು ರೂಢಿಗೆ ತಂದರು. 1914ರಲ್ಲಿ ಡಾಜ್ ಕಾರುಗಳಿಗೆ ಅಂಥ ಮೈ ಬಂತು. ನಮ್ಮ ದೇಶದಲ್ಲಿ ಮರದ ಕಾಲ ಇನ್ನೂ ಬಹಳ ವರ್ಷ ನಡೆಯಿತು. 1954ರಲ್ಲಿ ಜಮ್‌ಶೆಡ್‌ಪುರದಲ್ಲಿ ಟಾಟಾದವರು ಜರ್ಮನಿಯ ಬೆನ್ಜ್ ಕಂಪೆನಿಯೊಂದಿಗೆ ಕೂಡಿ ಲಾರಿ ತಯಾರಿಸಲು ಆರಂಭಿಸಿದರು. ಅಂದಿನ ಲಾರಿಗಳು ಬಹುಪಾಲು ಚಾಸಿ ಮತ್ತು ಮೂತಿಯಷ್ಟೇ ಆಗಿ ಬರುತ್ತಿದ್ದವು. ಕ್ಯಾಬಿನ್ನನ್ನೂ ಹಿಂದಿನ ಬಾಡಿಯನ್ನೂ ಊರಿನ ಬಡಗಿಗಳು ಮರದಲ್ಲಿ ಕಟ್ಟಿಕೊಡುತ್ತಿದ್ದರು. ಹಲಗೆ ಕೊಳೆತರೆ ಬಡಗಿ ಬದಲಾಯಿಸುತ್ತಿದ್ದ, ಅಷ್ಟೇ. 1986ರಲ್ಲಿ ಟಾಟಾ 407, 2005ರಲ್ಲಿ ಟಾಟಾ ಏಸ್ ಬಂದವು. ಕ್ಯಾಬಿನ್ನು ತಗಡಿನದಾಗಿ ಕಾರ್ಖಾನೆಯಿಂದಲೇ ಸಿದ್ಧವಾಗಿ ಬರುವ ಇಂಥ ಸಣ್ಣ ಬಂಡಿಗಳು ಹಳ್ಳಿಗೆ ಬಂದಮೇಲೆ, ಬಡಗಿಯ ಕೆಲಸ ಟಿಂಕರ್ ಕೈಗೆ ಹೋಯಿತು. ಕ್ಯಾಬಿನ್ನಿನ ಹೊರತಗಡು ಸಾಮಾನ್ಯವಾಗಿ 1 ಮಿಲಿಮೀಟರಿಗೂ ತೆಳು. ಅಷ್ಟು ತೆಳುವಾದದ್ದನ್ನು ತುಕ್ಕು ತಿನ್ನಲು ಎಷ್ಟು ಹೊತ್ತು ಬೇಕು, ನೀವೇ ಹೇಳಿ.

ಹೊರಗಿನ ಕಾವಲುಗಳು ಯಾವುವು? ಒಂದು, ಸತುವು. 1824ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ, ಹಡಗಿನ ತಳದ ತಾಮ್ರವನ್ನು ಸಮುದ್ರದ ನೀರು ತಿನ್ನದಂತೆ ಅದಕ್ಕೆ ಸತುವಿನ, ಕಬ್ಬಿಣದ ತುಂಡುಗಳನ್ನು ಅಂಟಿಸಿ ನೋಡಿದರು. ತುಂಡು ಸವೆಯಿತು, ತಾಮ್ರ ಉಳಿಯಿತು. ಸತುವು ಕಬ್ಬಿಣವನ್ನೂ ಹಾಗೆಯೇ ಕಾಯುತ್ತದೆ. 1837ರಲ್ಲಿ ಫ್ರಾನ್ಸಿನ ಸೋರೆಲ್, ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ಕ್ರಮಕ್ಕೆ ಪೇಟೆಂಟ್ ಪಡೆದರು. ನಿಮ್ಮ ಕೊಟ್ಟಿಗೆಯ ಜಿಂಕ್ ಶೀಟು, ಬಾವಿಯ ಜಿ.ಐ. ಪೈಪು ಅದೇ ವಂಶದವು. ಶೀಟಿನ ಮೇಲೆ ಸಣ್ಣ ಗೀರು ಬಿದ್ದರೂ ಸುತ್ತಲಿನ ಸತುವು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ.

ಎರಡನೆಯದು, ಮತ್ತೆ ನಮ್ಮ ರಂಜಕವೇ! 1906ರಲ್ಲಿ ಇಂಗ್ಲೆಂಡಿನ ಥಾಮಸ್ ಕಾಸ್ಲೆಟ್, ರಂಜಕದ ಆಮ್ಲದಲ್ಲಿ ಕಬ್ಬಿಣವನ್ನು ಕಾಯಿಸಿ ಮೈಮೇಲೆ ಪೊರೆ ಕಟ್ಟಿಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಒಳಗಿನಿಂದ ತೆಗೆದದ್ದನ್ನು ಹೊರಮೈಗೆ ಹಚ್ಚಿದ ಹಾಗಾಯಿತು. ಈಗಲೂ ಕಾರ್ಖಾನೆಗಳಲ್ಲಿ ಬಣ್ಣಕ್ಕೆ ಮೊದಲು ತಗಡಿಗೆ ಇಂಥ ಸ್ನಾನ ಆಗುತ್ತದೆ. ಹಾಗಾದರೆ ಡಿ.ಎ.ಪಿ. ಚೆಲ್ಲಿದರೆ ತಗಡಿಗೆ ಒಳ್ಳೆಯದೇ ಎಂದು ಕೇಳಬೇಡಿ. ಆ ಸ್ನಾನವೇ ಬೇರೆ, ಚೀಲದಿಂದ ಚೆಲ್ಲಿ ತೇವ ಹಿಡಿಯುವ ಗೊಬ್ಬರವೇ ಬೇರೆ.

ಮೂರನೆಯದು ಬಣ್ಣ. 1960ರ ದಶಕದಲ್ಲಿ ಅಮೆರಿಕದ ಫೋರ್ಡ್ ಕಾರ್ಖಾನೆ, ಮೈಯನ್ನು ಪೂರಾ ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತು ಹಾಯಿಸುವ ಕ್ರಮವನ್ನು ಬಳಕೆಗೆ ತಂದಿತು. ಕೈಗೆಟುಕದ ಸಂದಿಗೂ ಬಣ್ಣ ಹತ್ತತೊಡಗಿತು.

ಇಷ್ಟಿದ್ದೂ ತುಕ್ಕು ಎಲ್ಲಿಂದ ನುಗ್ಗುತ್ತದೆ? ಎರಡು ತಗಡು ಒಂದರ ಮೇಲೊಂದು ಕೂಡುವ ಹೊಲಿಗೆಯಿಂದ, ಮಣ್ಣು ಮೆತ್ತಿದ ಮೂಲೆಯಿಂದ, ಬಾಗಿಲಿನ ತಳದ ಮುಚ್ಚಿಹೋದ ನೀರಿನ ತೂತಿನಿಂದ. ಅಂದರೆ ಬಹಳ ಸಲ ಒಳಗಿನಿಂದ ಹೊರಗೆ. ಹಿಮ ಬೀಳುವ ದೇಶಗಳಲ್ಲಿ ರಸ್ತೆಗೆ ಉಪ್ಪು ಎರಚುವ ರೂಢಿಯಿದೆ; ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದಲ್ಲಿ ಅದು ಹೆಚ್ಚಿದಂತೆ ಬಂಡಿಗಳ ತಗಡು ಬೇಗ ಬೇಗ ತೂತಾಗತೊಡಗಿತು. ನಮ್ಮಲ್ಲಿ ಹಿಮವಿಲ್ಲ. ಆದರೆ ಪೊಟ್ಯಾಷ್ ಚೀಲ ಹರಿದು ಚೆಲ್ಲಿದರೆ ಅದೂ ಉಪ್ಪಿನ ಜಾತಿಯೇ; ಅಡುಗೆಯ ಉಪ್ಪಿನಲ್ಲಿರುವ ಕ್ಲೋರೈಡು ಅದರಲ್ಲೂ ಇದೆ. ಹಸಿ ಸಗಣಿ ಗೊಬ್ಬರವೂ ತೇವವನ್ನು ದಿನಗಟ್ಟಲೆ ಹಿಡಿದಿಡುತ್ತದೆ. ಗೊಬ್ಬರ ಇಳಿಸಿದ ದಿನವೇ ಬಾಡಿಯನ್ನು ಗುಡಿಸಿ, ತೊಳೆದು, ಬಿಸಿಲಿಗೆ ನಿಲ್ಲಿಸಿದರೆ ಅರ್ಧ ರಿಪೇರಿ ತಪ್ಪುತ್ತದೆ.

ಈಗ ಟಿಂಕರ್ ಪ್ರಶ್ನೆಗೆ ಬರೋಣ. ಹಿಂದೆ ತಗ್ಗು ತುಂಬಲು ಸೀಸ ಕರಗಿಸಿ ಸವರುತ್ತಿದ್ದರು. 1950ರ ದಶಕದಲ್ಲಿ ಅಮೆರಿಕದಲ್ಲಿ ಪ್ಲಾಸ್ಟಿಕ್ ಜಾತಿಯ ಪುಟ್ಟಿ ಬಂತು. ತಗ್ಗು ಸಮ ಮಾಡಲು ಅದು ಒಳ್ಳೆಯದೇ. ಆದರೆ ತುಕ್ಕಿನ ಮೇಲೆ ಮೆತ್ತಿದರೆ, ಅದು ತೇವವನ್ನು ಎಳೆದುಕೊಳ್ಳುತ್ತದೆ, ಅಡಿಯಲ್ಲಿ ತುಕ್ಕು ಹಬ್ಬುತ್ತಲೇ ಇರುತ್ತದೆ. ಗೆದ್ದಲು ತಿಂದ ತೊಲೆಗೆ ಮಣ್ಣು ಮೆತ್ತಿ ಸುಣ್ಣ ಬಳಿದ ಹಾಗೆ. ಮಳೆಗಾಲ ಬಂದರೆ ಹಣವೂ ಹೋಯಿತು, ತಗಡೂ ಹೋಯಿತು. ಹಳೆಯ ಬಂಡಿ ಕೊಳ್ಳುವಾಗಲೂ ಇದನ್ನು ಮರೆಯಬೇಡಿ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲಿನ ತಳಕ್ಕೆ ಹಿಡಿಯಿರಿ; ದಪ್ಪ ಪುಟ್ಟಿಯಿದ್ದಲ್ಲಿ ಅದು ಕಚ್ಚುವುದಿಲ್ಲ.

ಮೇಲ್ಮೈ ತುಕ್ಕು ಮಾತ್ರವಾಗಿದ್ದರೆ ಕತ್ತರಿಸಬೇಕಿಲ್ಲ. ಬಣ್ಣ ಕೆರೆದು, ತಂತಿ ಬ್ರಷ್ಷಿನಿಂದ ಉಜ್ಜಿ, ತಗಡು ಹೊಳೆಯುವ ತನಕ ತೆಗೆದು ಪ್ರೈಮರ್ ಹಚ್ಚಿದರೆ ಸಾಕು. ಅಂಗಡಿಯಲ್ಲಿ ಸಿಗುವ ರಂಜಕದ ಆಮ್ಲದ ದ್ರವದಿಂದ ಸಣ್ಣ ಗುಳಿಗಳ ತುಕ್ಕು ಬಿಡುತ್ತದೆ. ಕೈಗವಸು ಹಾಕಿಕೊಳ್ಳಿ, ಬಾಟಲಿಯ ಮೇಲೆ ಬರೆದಂತೆ ನಡೆಯಿರಿ. ಸ್ಕ್ರೂಡ್ರೈವರ್ ತುದಿ ಒತ್ತಿದರೆ ಒಳಗೆ ಇಳಿಯುತ್ತದೆ ಎಂದಾದರೆ ಆ ತಗಡು ಸತ್ತಿತು ಎಂದೇ ತಿಳಿಯಿರಿ.

ಸತ್ತದ್ದನ್ನು, ಸುತ್ತಲೂ ಗಟ್ಟಿ ತಗಡು ಸಿಗುವ ತನಕ ಕತ್ತರಿಸಬೇಕು. ಅಷ್ಟೇ ದಪ್ಪದ ಹೊಸ ತಗಡನ್ನು ಕೂರಿಸಬೇಕು. ಬೆಸೆಯುವ ವಿದ್ಯೆಗೂ ಒಂದು ಇತಿಹಾಸವಿದೆ. ಕಾರ್ಬೈಡಿಗೆ ನೀರು ಸೋಕಿದರೆ ಬರುವ ಅಸಿಟಿಲೀನ್ ಅನಿಲವನ್ನು 1836ರಲ್ಲಿ ಕಂಡವರು ಎಡ್ಮಂಡ್ ಡೇವಿ. ಹಡಗಿನ ಡೇವಿಯವರ ಸಂಬಂಧಿಯೇ. ಅದನ್ನು ಆಮ್ಲಜನಕದೊಂದಿಗೆ ಉರಿಸುವ ವೆಲ್ಡಿಂಗ್ ಟಾರ್ಚನ್ನು 1903ರ ಸುಮಾರಿಗೆ ಫ್ರಾನ್ಸಿನಲ್ಲಿ ಫೂಶೆ ಮತ್ತು ಪಿಕಾರ್ ರೂಪಿಸಿದರು. ನಮ್ಮ ಶೆಡ್ಡುಗಳ ಗ್ಯಾಸ್ ವೆಲ್ಡಿಂಗ್ ಅದೇ. 1950ರ ದಶಕದಿಂದ ಇಂಗಾಲದ ಡೈ ಆಕ್ಸೈಡ್ ಬಳಸುವ ಸಿ.ಓ.ಟೂ. ವೆಲ್ಡಿಂಗ್ ಬಂತು, ಅದರಲ್ಲಿ ಬಿಸಿ ಕಡಿಮೆ ಜಾಗಕ್ಕೆ ಹರಡುವುದರಿಂದ ತೆಳು ತಗಡು ಅಷ್ಟಾಗಿ ಸೊಟ್ಟಗಾಗದು. ಯಾವುದೇ ಆಗಲಿ, ಒಂದೇ ಸಮನೆ ಗೆರೆ ಎಳೆಯದೆ ಅಲ್ಲೊಂದು ಇಲ್ಲೊಂದು ಚುಕ್ಕಿ ಹಾಕಿ ಕೂಡಿಸಲು ಹೇಳಿ.

ಕೆಲಸ ಹಿಡಿಯುವ ಮೊದಲು ಬ್ಯಾಟರಿಯ ತಂತಿ ಬಿಚ್ಚಿರಬೇಕು. ಡೀಸೆಲ್ ಟ್ಯಾಂಕಿನ ಹತ್ತಿರ ಕಿಡಿ ಹಾರಬಾರದು. ಸತುವು ಹಚ್ಚಿದ ತಗಡಾದರೆ ಬೆಸೆಯುವ ಜಾಗದ ಸತುವನ್ನು ಮೊದಲು ಉಜ್ಜಿ ತೆಗೆಯಬೇಕು. ಅದರ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಆದಕಾರಣ ನೀರು ಹಾಕಿ ಉಜ್ಜಿ, ಮಕ್ಕಳನ್ನು ದೂರವಿಡಿ.

ಬೆಸುಗೆ ಮುಗಿದೊಡನೆ ರಿಪೇರಿ ಮುಗಿಯಿತು ಎಂದುಕೊಳ್ಳಬೇಡಿ. ಬೆಂಕಿ ತಾಗಿದ ಕಡೆ ಹಳೆಯ ಕಾವಲೆಲ್ಲ ಸುಟ್ಟುಹೋಗಿರುತ್ತದೆ, ಒಳಮೈಯಲ್ಲೂ ಕೂಡ. ಸತುವಿನ ಪ್ರೈಮರನ್ನಾಗಲಿ, ರೆಡ್ ಆಕ್ಸೈಡನ್ನಾಗಲಿ ಒಳಗೆ ಹೊರಗೆ ಎರಡೂ ಕಡೆ ಹಚ್ಚಿಸಿ. ಹೊಲಿಗೆಗೆ ಸೀಲರ್ ಹಾಕಿಸಿ. ಪುಟ್ಟಿ ಬೇಕಿದ್ದರೆ ಆಮೇಲೆ, ತೆಳುವಾಗಿ. ಕೊನೆಗೆ ಬಣ್ಣ. ಶೆಡ್ಡಿನವರು ಹೊರಗಿನ ಬಣ್ಣದ ಬಗ್ಗೆ ಕೇಳುತ್ತಾರೆ. ನೀವು ಒಳಗಿನ ಪ್ರೈಮರ್ ಬಗ್ಗೆ ಕೇಳಿ, ಮುಚ್ಚುವ ಮೊದಲು ಕಣ್ಣಾರೆ ನೋಡಿ.

ಒಂದು ಎಚ್ಚರಿಕೆ. ಚಾಸಿಯೇ ತುಕ್ಕು ತಿಂದಿದ್ದರೆ, ಕ್ಯಾಬಿನ್ ಕೂರುವ ಬುಡ, ಬಾಗಿಲಿನ ಕಂಬ ಸಡಿಲವಾಗಿದ್ದರೆ ಅದು ತೇಪೆಯ ಕೆಲಸವಲ್ಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಸಂತೆಗೆ ಹೋಗುವ ಬಂಡಿ ಅದು. ಬಲ್ಲವರಿಗೆ ತೋರಿಸಿ, ರಿಪೇರಿಯ ಖರ್ಚನ್ನೂ ಬಂಡಿಯ ಬೆಲೆಯನ್ನೂ ಅಕ್ಕಪಕ್ಕ ಬರೆದು ನೋಡಿ, ಮನೆಯವರೆಲ್ಲ ಕೂತು ತೀರ್ಮಾನ ಮಾಡಿ. ಮಿಕ್ಕ ತಗಡಿನ ಕೆಲಸವನ್ನು ಮಾತ್ರ ಬೇಸಿಗೆಯಲ್ಲೇ, ಹವೆ ಒಣಗಿರುವಾಗ ಮುಗಿಸಿಕೊಳ್ಳಿ. ಮುಂಗಾರಿಗೆ ಬಿತ್ತನೆ ಬೀಜ ಸಿದ್ಧಮಾಡುವ ಹೊತ್ತಿಗೆ ಬಂಡಿಯೂ ಸಿದ್ಧವಿರಲಿ.