ಅಮ್ಮನ ಎಲೆಯಡಿಕೆ ಚೀಲ

ಕಳೆದ ವಾರ ಹಳೆಯ ಟ್ರಂಕನ್ನು ತೆರೆದಾಗ ಅಮ್ಮನ ಎಲೆಯಡಿಕೆ ಚೀಲ ಕೈಗೆ ಸಿಕ್ಕಿತು. ಕುಡುಮಲಕುಂಟೆಯ ನಮ್ಮ ಮನೆಗೆ ಬಂದು ಹೋದ ಶಿಷ್ಯರಿಗೂ ನೆಂಟರಿಗೂ ಅದರ ನೆನಪಿದ್ದೀತು. ನಾಲ್ಕು ಅರೆಗಳ ಬಟ್ಟೆಯ ಚೀಲ. ಒಂದರಲ್ಲಿ ಎಲೆ, ಒಂದರಲ್ಲಿ ಅಡಿಕೆ, ಮೂರನೆಯದರಲ್ಲಿ ಸುಣ್ಣದ ಡಬ್ಬಿ, ನಾಲ್ಕನೆಯದರಲ್ಲಿ ಹೊಗೆಸೊಪ್ಪು. ಆ ನಾಲ್ಕನೆಯ ಅರೆಯನ್ನು ತುಂಬುತ್ತಿದ್ದವನು ನಾನೇ. ಗೌರಿಬಿದನೂರಿನಿಂದ ಬರುವಾಗ ಒಂದು ಕಟ್ಟು ಹೊಗೆಸೊಪ್ಪು ತರುವುದು ಮಗನ ಕರ್ತವ್ಯಗಳಲ್ಲಿ ಒಂದೆಂದು ತಿಳಿದಿದ್ದೆ.

ಇತಿಹಾಸದ ಮೇಷ್ಟ್ರಾದ ನನಗೆ ಈ ನಾಲ್ಕು ಅರೆಗಳು ಒಂದೇ ಕಾಲದವಲ್ಲವೆಂಬುದು ಗೊತ್ತಿತ್ತು. ಎಲೆ, ಅಡಿಕೆ, ಸುಣ್ಣಗಳ ತಾಂಬೂಲ ಬಹು ಪ್ರಾಚೀನ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಅದನ್ನು ಮನಸಾರೆ ಕೊಂಡಾಡಿದ್ದಾನೆ. ಅವನು ಕಂಡ ತಾಂಬೂಲದಲ್ಲಿ ಹೊಗೆಸೊಪ್ಪು ಇರಲು ಸಾಧ್ಯವಿಲ್ಲ, ಏಕೆಂದರೆ ಅದು ಅಮೆರಿಕ ಖಂಡದ ಗಿಡ; ಪೋರ್ಚುಗೀಸರ ಹಡಗುಗಳು ಇನ್ನೂ ನಮ್ಮ ಕರಾವಳಿಗೆ ಬಂದಿರಲಿಲ್ಲ. ಹದಿನೇಳನೆಯ ಶತಮಾನದ ಆರಂಭದಲ್ಲಿ ಅಕ್ಬರನ ದೂತ ಅಸದ್ ಬೇಗನು ಅದನ್ನು ಮೊದಲು ಕಂಡದ್ದು ನಮ್ಮ ಬಿಜಾಪುರದಲ್ಲಿ. ಅಲ್ಲಿಂದ ಒಯ್ದು ಚಕ್ರವರ್ತಿಯ ಮುಂದಿಟ್ಟಾಗ ಆಸ್ಥಾನದ ಹಕೀಮರು ಬೇಡವೆಂದು ವಾದಿಸಿದರಂತೆ. ಈ ಪ್ರಸಂಗವನ್ನು ತರಗತಿಯಲ್ಲಿ ನಗುನಗುತ್ತಾ ಹೇಳುತ್ತಿದ್ದೆ. ಸಂಜೆ ಮನೆಗೆ ಹೋಗಿ ಅಮ್ಮನಿಗೆ ಸೊಪ್ಪಿನ ಕಟ್ಟು ಕೊಡುತ್ತಿದ್ದೆ. ಎರಡನ್ನೂ ಸೇರಿಸಿ ಯೋಚಿಸಲಿಲ್ಲ.

2001ರಲ್ಲಿ ಅಮ್ಮನ ಎಡಗೆನ್ನೆಯೊಳಗೆ ಹುಣ್ಣಾಯಿತು. ಆಗ ಅವರಿಗೆ ಅರವತ್ತಾರು. ಖಾರ ತಗುಲಿದರೆ ಉರಿಯುತ್ತದೆಂದು ಸಾರನ್ನು ಸಪ್ಪೆ ಮಾಡಿಕೊಂಡರು. ಬಾಯಿ ಮೊದಲಿನಂತೆ ಅಗಲವಾಗಿ ತೆರೆಯುತ್ತಿರಲಿಲ್ಲ. ಒಬ್ಬ ವೈದ್ಯರು ಮೂರು ತಿಂಗಳು ಬಿ-ಕಾಂಪ್ಲೆಕ್ಸ್ ಮಾತ್ರೆ ಕೊಟ್ಟರು. ಅವರನ್ನು ದೂರಿ ಫಲವಿಲ್ಲ, ಮೂರು ತಿಂಗಳು ನೆಮ್ಮದಿಯಾಗಿ ಕಾದವನು ನಾನು. ಕೊನೆಗೆ ಪರೀಕ್ಷೆಗೆಂದು ಗೆನ್ನೆಯ ಚೂರು ತೆಗೆಸಿದಾಗ ರೋಗದ ಹೆಸರು ತಿಳಿಯಿತು.

ನೆಂಟರೆಲ್ಲ "ಅಮ್ಮನಿಗೆ ಹೇಳಬೇಡ" ಎಂದರು. ನಾನೂ ಒಪ್ಪಿದೆ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೊರಟೆವು, ಹಲ್ಲಿನ ಆಸ್ಪತ್ರೆಗೆ ಎಂದು ಸುಳ್ಳು ಹೇಳಿ. ಆದರೆ ಅಮ್ಮ ಅಕ್ಷರ ಬಲ್ಲವರು. ನಾನು ಒಂದನೆಯ ತರಗತಿಯಲ್ಲಿದ್ದಾಗ ನನ್ನ ಸ್ಲೇಟಿನಲ್ಲೇ ಕಲಿತವರು. ಹೊಸೂರು ರಸ್ತೆಯಲ್ಲಿ ಆಟೋ ಇಳಿದು ಫಲಕವನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು: ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ. "ಗಂಥಿ ಅಂದರೇನಪ್ಪ?" ಎಂದರು. ಮೂವತ್ತು ಮಕ್ಕಳ ಮುಂದೆ ಎಂದೂ ತಡವರಿಸದ ನಾನು ಅಲ್ಲಿ ತಡವರಿಸಿದೆ. "ನಿನ್ನ ಸ್ಕೂಲಿನ ಹುಡುಗರಿಗೆ ಹೇಳುವ ಹಾಗೆ ಹೇಳು" ಎಂದರು. ಅಲ್ಲಿಯೇ, ಬೇವಿನ ಮರದ ನೆರಳಿನಲ್ಲಿ ನಿಂತು ಹೇಳಿದೆ. ಹೊಗೆಸೊಪ್ಪಿನಿಂದಲೇ ಬಂತೇ ಎಂದು ಕೇಳಿದರು. ಹೌದೆಂದೆ, ತಂದುಕೊಟ್ಟವನು ನಾನೇ ಎಂದೂ ಹೇಳಿದೆ. "ನಾನು ತಾ ಅಂದೆ, ನೀನು ತಂದೆ. ನಡೆ, ಚೀಟಿ ಮಾಡಿಸು" ಎಂದು ಮುಂದೆ ನಡೆದರು.

1973ರಲ್ಲಿ ಆರಂಭವಾಗಿ 1980ರಲ್ಲಿ ಸ್ವಾಯತ್ತವಾದ ಸರ್ಕಾರಿ ಸಂಸ್ಥೆ ಅದು. ಸರದಿಯಲ್ಲಿ ಕನ್ನಡದಷ್ಟೇ ತೆಲುಗೂ ಕಿವಿಗೆ ಬೀಳುತ್ತಿತ್ತು. ಗಡಿಸೀಮೆಯವರಾದ ನಮಗೆ ಅದು ಊರಿನಲ್ಲಿದ್ದಂತೆಯೇ. ಅಮ್ಮನ ಸುತ್ತ ಕುಳಿತ ಹೆಂಗಸರಲ್ಲಿ ಎಷ್ಟೋ ಮಂದಿ ಗೆನ್ನೆಯನ್ನು ಸೆರಗಿನಿಂದ ಮುಚ್ಚಿಕೊಂಡಿದ್ದರು.

ಅದು ಆಕಸ್ಮಿಕವಲ್ಲವೆಂಬುದು ಆಮೇಲೆ ಓದಿ ತಿಳಿಯಿತು. ತಿರುವಾಂಕೂರಿನಲ್ಲಿ ತಾಂಬೂಲ ಹಾಕುವವರ ಬಾಯಿಯ ಕ್ಯಾನ್ಸರ್ ಕುರಿತು ಆರ್ ಎಂಬ ವೈದ್ಯರು 1933ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು. ಬೆಂಗಳೂರಿನಲ್ಲಿ 1982ರಿಂದ ಕ್ಯಾನ್ಸರ್ ರೋಗಿಗಳ ನೋಂದಣಿ ನಡೆದಿದೆ. ಅದರ ಆಧಾರದಿಂದ 348 ಬಾಯಿ ಕ್ಯಾನ್ಸರ್ ರೋಗಿಗಳನ್ನು ಅದೇ ಬಡಾವಣೆಗಳ, ಅದೇ ವಯಸ್ಸಿನ ಆರೋಗ್ಯವಂತರೊಂದಿಗೆ ಹೋಲಿಸಿ ನೋಡಿದ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಹೊಗೆಸೊಪ್ಪು ಸೇರಿಸಿ ಎಲೆ ಹಾಕುವ ಹೆಂಗಸರಿಗೆ ಅಪಾಯ ಸುಮಾರು 25 ಪಟ್ಟು. ಎಷ್ಟು ವರ್ಷ, ದಿನಕ್ಕೆ ಎಷ್ಟು ಸಲ, ಗೆನ್ನೆಯಲ್ಲಿ ಎಷ್ಟು ಹೊತ್ತು ಎಂಬುದಕ್ಕೆ ತಕ್ಕಂತೆ ಅದು ಏರುತ್ತದೆ. ಅಮ್ಮ ರಾತ್ರಿ ಮಲಗುವಾಗಲೂ ಎಡಗೆನ್ನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಸೊಪ್ಪಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಸಂಸ್ಥೆ ಸಾರಿದ್ದು 2004ರಲ್ಲಿ.

ಶಸ್ತ್ರಚಿಕಿತ್ಸೆಯಾಯಿತು, ಬಳಿಕ ಆರು ವಾರ ವಿಕಿರಣ. ಹತ್ತಿರದಲ್ಲೇ ಒಂದು ಕೋಣೆ ಹಿಡಿದೆವು. (ಆ ವರ್ಷದ ಹತ್ತನೆಯ ತರಗತಿಯವರು ನನ್ನನ್ನು ಕ್ಷಮಿಸಬೇಕು; ಕೊನೆಯ ಅಧ್ಯಾಯಗಳನ್ನು ಓಡಿಸಿಬಿಟ್ಟೆ.) ಮೂರನೆಯ ವಾರದಿಂದ ಬಾಯೆಲ್ಲ ಹುಣ್ಣು, ಎಂಜಲು ಬತ್ತಿ ನೀರೂ ಇಳಿಯದಾಯಿತು. ಕಿದ್ವಾಯಿಯವರು ನೆಹರೂ ಸಂಪುಟದಲ್ಲಿ ಆಹಾರ ಮಂತ್ರಿಯಾಗಿದ್ದರೆಂದು ಒಂದು ದಿನ ಹೇಳಿದೆ. "ಅನ್ನದ ಮಂತ್ರಿ ಹೆಸರಲ್ಲಿ ಉಪವಾಸ ಬಿದ್ದೆ" ಎಂದು ನಗಲು ಹೋಗಿ, ತುಟಿ ಒಡೆದು ಕಣ್ಣಲ್ಲಿ ನೀರು ತಂದುಕೊಂಡರು. ಆರಿಸಿ ತೆಳ್ಳಗೆ ಮಾಡಿದ ರಾಗಿ ಗಂಜಿಯನ್ನು ಚಮಚದಲ್ಲಿ ಹಾಕುತ್ತಿದ್ದೆ. ಒಂದು ಲೋಟ ಗಂಜಿಗೆ ಒಂದು ಗಂಟೆ ಹಿಡಿಯುತ್ತಿತ್ತು.

ಅಮ್ಮ ಮತ್ತೆ ನಾಲ್ಕು ವರ್ಷ ಬದುಕಿದರು. ಮುದ್ದೆ ನುಂಗುವಷ್ಟು ಬಾಯಿ ತೆರೆಯಲು ಒಂದು ವರ್ಷವಾಯಿತು. ರಾಗಿ ಉಣ್ಣುವವರಲ್ಲಿ ಈ ರೋಗ ಹೆಚ್ಚಾಗಿ ಕಂಡುಬಂದಿದೆಯೆಂದು ಅದೇ 1990ರ ಅಧ್ಯಯನದಲ್ಲಿ ಒಂದು ಮಾತಿದೆ. ಅದನ್ನು ಓದಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಇಷ್ಟು ದಿನ ಮುದ್ದೆಯೂ ಸೊಪ್ಪೂ ಕೈಜೋಡಿಸಿದ್ದವು ಅನ್ನು" ಎಂದು, ಇನ್ನೊಂದು ತುತ್ತು ಮುರಿದುಕೊಂಡರು.

ಚೀಲವನ್ನು ಅವರೇ ತೊಳೆದು ಮಡಚಿಟ್ಟಿದ್ದರು. ಮೊನ್ನೆ ತೆರೆದಾಗಲೂ ನಾಲ್ಕನೆಯ ಅರೆಯಲ್ಲಿ ವಾಸನೆ ಹೋಗಿರಲಿಲ್ಲ.